ಇಎಂಡಿಆರ್ ತರಬೇತಿ: ಯಾವುದು, ಎಲ್ಲಿ, ಯಾರಿಗೆ?

ಥೆರಪಿಸ್ಟ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಆಗಾಗ ಬಂದೇ ಬರುತ್ತದೆ: "ಇಎಂಡಿಆರ್ ಕಲಿಯಬೇಕು ಅಂತಿದ್ದೀನಿ, ಯಾವ ಕೋರ್ಸ್ ಮಾಡಲಿ?" (ಆಘಾತದ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು, ಥೆರಪಿಸ್ಟ್ ಬೆರಳಾಡಿಸಿದಂತೆ ಕಣ್ಣಾಡಿಸುತ್ತಾ ಆ ನೆನಪಿನ ಕಾವು ಇಳಿಸುವ ಚಿಕಿತ್ಸೆಯೇ ಇಎಂಡಿಆರ್, ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಆಂಡ್ ರೀಪ್ರೊಸೆಸಿಂಗ್.) ಕೇಳಿದ ಅರ್ಧ ಗಂಟೆಯಲ್ಲಿ ಐದಾರು ಪೋಸ್ಟರ್ ಬಂದು ಬೀಳುತ್ತವೆ. ಒಂದರಲ್ಲಿ ಎರಡೇ ದಿನಕ್ಕೆ ಸರ್ಟಿಫಿಕೇಟ್. ಇನ್ನೊಂದರಲ್ಲಿ ಆರು ದಿನದ ಕ್ಲಾಸು, ಮೇಲೆ ಹತ್ತು ಗಂಟೆ ಕನ್ಸಲ್ಟೇಷನ್, ಅಂದರೆ ನಿಮ್ಮ ಕೇಸುಗಳ ಬಗ್ಗೆ ಅನುಭವಿಗಳ ಜೊತೆ ಚರ್ಚೆ. ಮತ್ತೊಂದರಲ್ಲಿ ಶುಲ್ಕವೇ ಡಾಲರ್‌ನಲ್ಲಿದೆ. ಎಲ್ಲದರ ಮೇಲೂ 'ಅಂತರರಾಷ್ಟ್ರೀಯ ಮಾನ್ಯತೆ' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಯಾರು ಕೊಟ್ಟ ಮಾನ್ಯತೆ ಅನ್ನೋದನ್ನು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಗಳ ಲೆಕ್ಕ, ಸರ್ಟಿಫಿಕೇಟಿನ ಮೇಲಿನ ಮುದ್ರೆ, ಹೇಳಿಕೊಡುವವರ ಹೆಸರು, ಇವೆಲ್ಲ ಆಮೇಲೆ. ನೀವು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂತು ನೋಡುವವರು ಯಾರಾದರೂ ಇದ್ದಾರಾ, ಮುಗಿಸಿ ಊರಿಗೆ ಬಂದು ನಿಮ್ಮದೇ ಕ್ಲೈಂಟ್ ಜೊತೆ ಸಿಕ್ಕಿಹಾಕಿಕೊಂಡಾಗ ಕೇಳೋಕೆ ಯಾರಾದರೂ ಸಿಗುತ್ತಾರಾ, ಈ ಎರಡನ್ನು ನೋಡಿ ಕೋರ್ಸ್ ಆರಿಸಿ. ಈ ಎರಡೂ ಇಲ್ಲದ ಕೋರ್ಸ್ ಎಷ್ಟು ಅಗ್ಗವಾಗಿದ್ದರೂ ದುಬಾರಿಯೇ.

ಕಣ್ಣಾಡಿಸುವುದು ಇದರಲ್ಲಿ ಎಷ್ಟು ಭಾಗ?

ಹೊಸಬರಿಗಾಗಿ ನಾಲ್ಕು ಮಾತು. ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೊ. 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ, ಕಾಡುತ್ತಿದ್ದ ಯೋಚನೆಗಳು ಕಣ್ಣು ಅತ್ತಿತ್ತ ಓಡಾಡಿದ ಮೇಲೆ ಹಗುರವಾದದ್ದನ್ನು ತಾವು ಗಮನಿಸಿದೆವು ಎಂದು ಅವರೇ ಹೇಳಿಕೊಂಡಿದ್ದಾರೆ. ಮೊದಲ ಅಧ್ಯಯನ ಪ್ರಕಟವಾದದ್ದು 1989ರಲ್ಲಿ. ಅವರು 2019ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಇದು ಎಂಟು ಹಂತಗಳ ಪೂರ್ತಿ ಪದ್ಧತಿಯಾಗಿ ಬೆಳೆದಿತ್ತು. ಹಿನ್ನೆಲೆ ಕೇಳುವುದು, ಸಿದ್ಧತೆ, ನೆನಪನ್ನು ಅಳೆದು ಗುರುತಿಸುವುದು, ಅದರ ಕಾವು ಇಳಿಸುವುದು, ಒಳ್ಳೆಯ ನಂಬಿಕೆಯನ್ನು ನೆಲೆಗೊಳಿಸುವುದು, ಮೈಯಲ್ಲಿ ಏನಾದರೂ ಉಳಿದಿದೆಯಾ ಅಂತ ನೋಡುವುದು, ಸೆಷನ್ ಮುಗಿಸುವುದು, ಮುಂದಿನ ಸಲ ಬಂದಾಗ ಮತ್ತೆ ಪರೀಕ್ಷಿಸುವುದು.

ಕಣ್ಣಾಡಿಸುವುದು ಬರುವುದು ಮಧ್ಯದ ಹಂತಗಳಲ್ಲಿ ಮಾತ್ರ. ಅದು ಅಡುಗೆಯಲ್ಲಿ ಒಗ್ಗರಣೆ ಇದ್ದ ಹಾಗೆ. ಚಟಪಟ ಅನ್ನುವುದರಿಂದ ಎಲ್ಲರ ಗಮನ ಅದರ ಮೇಲೆಯೇ, ಆದರೆ ಬೇಳೆ ಬೆಂದಿರಬೇಕಲ್ಲ! ಕೈಯಾಡಿಸುವುದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಬೇರೆ ಕಡೆ. ಯಾರಿಗೆ ಈಗಲೇ ಶುರುಮಾಡಬಾರದು, ಅರ್ಧದಲ್ಲಿ ಕ್ಲೈಂಟ್ ಎಲ್ಲೋ ಕಳೆದುಹೋದಂತೆ ಶೂನ್ಯ ನೋಡತೊಡಗಿದರೆ ಏನು ಮಾಡಬೇಕು, ಸಮಯ ಮುಗಿದು ನೆನಪು ಇನ್ನೂ ಕುದಿಯುತ್ತಿದ್ದರೆ ಅವರನ್ನು ಹೇಗೆ ಮನೆಗೆ ಕಳಿಸಬೇಕು, ಇವು ಕಷ್ಟ. ಪೋಸ್ಟರ್‌ನಲ್ಲಿ ಬರೀ ಕಣ್ಣಿನ ಚಲನೆಯ ಬಗ್ಗೆಯೇ ಬರೆದಿದ್ದರೆ ಅಲ್ಲೇ ಅನುಮಾನ ಬರಬೇಕು.

ಕಣ್ಣಾಡಿಸುವುದರಿಂದಲೇ ಗುಣ ಬರುತ್ತದಾ ಅನ್ನುವ ಜಗಳ ಹಳೆಯದು. 2001ರ ಒಂದು ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವುದು) 'ಅದು ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ' ಎಂದಿತು. 2013ರ ಇನ್ನೊಂದು 'ಇದ್ದರೆ ಹೆಚ್ಚಿನ ಲಾಭ ಇದೆ' ಎಂದಿತು. ಈಗ ಹೆಚ್ಚು ಚರ್ಚೆಯಲ್ಲಿರುವ ವಿವರಣೆ ಡಚ್ ಸಂಶೋಧಕರು ಬೆಳೆಸಿದ್ದು. ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಇನ್ನೊಂದು ಕೆಲಸ ಮಾಡಿದರೆ, ತಾತ್ಕಾಲಿಕ ನೆನಪಿನ ಜಾಗ ಎರಡಕ್ಕೂ ಸಾಲುವುದಿಲ್ಲ. ಹಾಗಾಗಿ ಆ ಚಿತ್ರ ಮಸುಕಾಗುತ್ತದೆ, ಅದರ ಕಾವು ಇಳಿಯುತ್ತದೆ ಅನ್ನುವುದು ಅವರ ವಾದ. ಒಳ್ಳೆಯ ತರಬೇತಿಯಲ್ಲಿ ಈ ಜಗಳವನ್ನೂ ಹೇಳಿಕೊಡುತ್ತಾರೆ. 'ಎಡ ಮಿದುಳು, ಬಲ ಮಿದುಳು ಜೋಡಿಸಿಬಿಡುತ್ತೇವೆ' ಎಂದು ಹೇಳಿ ಮುಂದೆ ಹೋಗುವವರಿಂದ ಕಲಿಯಬೇಡಿ.

ಒಟ್ಟು ಚಿಕಿತ್ಸೆಗೆ ಆಧಾರ ಗಟ್ಟಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಇರುವ ದೊಡ್ಡವರಿಗೂ ಮಕ್ಕಳಿಗೂ ಇದನ್ನು ಸೂಚಿಸಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್ 2018ರಲ್ಲಿ, ಘಟನೆ ನಡೆದು 3 ತಿಂಗಳು ದಾಟಿದ ಮೇಲೆ ಬಂದ ದೊಡ್ಡವರಿಗೆ ಕೊಡಿ ಎಂದಿತು, ಆದರೆ ಯುದ್ಧದ ಆಘಾತಕ್ಕೆ ಅಲ್ಲ ಅಂತಲೂ ಸೇರಿಸಿತು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2017ರಲ್ಲಿ ಸ್ವಲ್ಪ ಹಿಂಜರಿದೇ ಮಾತಾಡಿತು. ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸುವ ಥೆರಪಿ) ಬಳಗದ ಚಿಕಿತ್ಸೆಗಳಿಗೆ ಗಟ್ಟಿ ಶಿಫಾರಸು, ಇಎಂಡಿಆರ್‌ಗೆ ಷರತ್ತಿನ ಶಿಫಾರಸು. ಈ ವ್ಯತ್ಯಾಸ ಗೊತ್ತಿದ್ದು ಕಲಿಯುವುದು ಒಳ್ಳೆಯದು.

ಸರಿಯಾದ ಬೇಸಿಕ್ ತರಬೇತಿ ಅಂದರೆ ಏನು

ಅಳತೆಗೋಲು ಬೇಕಾದರೆ ಅಮೆರಿಕದ ಇಎಂಡಿಆರ್ ಸಂಘ ಎಂಡ್ರಿಯಾದ (EMDRIA) ನಿಯಮ ಸುಲಭವಾಗಿ ಅರ್ಥವಾಗುತ್ತದೆ. ಅವರ ಪ್ರಕಾರ ಬೇಸಿಕ್ ತರಬೇತಿಯಲ್ಲಿ ಕನಿಷ್ಠ 20 ಗಂಟೆ ಪಾಠ, 20 ಗಂಟೆ ಮೇಲ್ವಿಚಾರಣೆಯಲ್ಲಿ ಅಭ್ಯಾಸ, 10 ಗಂಟೆ ಕನ್ಸಲ್ಟೇಷನ್ ಇರಬೇಕು. ಒಟ್ಟು 50 ಗಂಟೆ. ನಿಮ್ಮ ಮುಂದೆ ಬಂದ ಯಾವುದೇ ಪೋಸ್ಟರನ್ನು ಈ ಮೂರು ಸಂಖ್ಯೆಗಳ ಪಕ್ಕ ಇಟ್ಟು ನೋಡಿ. 20-20-10. ಸಾಮಾನ್ಯವಾಗಿ ಪಾಠದ 20 ಇರುತ್ತದೆ. ಮಧ್ಯದ 20 ಸೊರಗಿರುತ್ತದೆ. ಕೊನೆಯ 10 ಕಾಣೆಯಾಗಿರುತ್ತದೆ, ಇಲ್ಲವೇ 'ಪ್ರತ್ಯೇಕ ಶುಲ್ಕ' ಅಂತ ಸಣ್ಣಕ್ಷರದಲ್ಲಿ ಕೂತಿರುತ್ತದೆ.

ಮಧ್ಯದ ಆ 20 ಗಂಟೆಯಲ್ಲಿ ನಡೆಯುವುದೇನು? ಮೂವರ ಗುಂಪು ಮಾಡುತ್ತಾರೆ. ಒಬ್ಬರು ಥೆರಪಿಸ್ಟ್, ಒಬ್ಬರು ಕ್ಲೈಂಟ್, ಒಬ್ಬರು ನೋಡುವವರು. ಆಮೇಲೆ ಜಾಗ ಬದಲಾಗುತ್ತದೆ. ಕ್ಲೈಂಟ್ ಆದವರು ನಟಿಸುವುದಿಲ್ಲ. ತಮ್ಮದೇ ಒಂದು ನಿಜವಾದ ನೆನಪನ್ನು ತೆಗೆದುಕೊಳ್ಳುತ್ತಾರೆ. ದೊಡ್ಡದಲ್ಲ, ಸಾಧಾರಣ ಕಿರಿಕಿರಿಯದ್ದು. ಶಾಲೆಯಲ್ಲಿ ಎಲ್ಲರೆದುರು ಮೇಷ್ಟ್ರು ಬೈದದ್ದು, ಆಫೀಸಿನ ಮೀಟಿಂಗಿನಲ್ಲಿ ಮರ್ಯಾದೆ ಹೋದದ್ದು, ಇಂಥವು. ಕುರ್ಚಿಗಳನ್ನು ಎದುರುಬದುರು ಹಾಕುವುದಿಲ್ಲ, ಸ್ವಲ್ಪ ಓರೆಯಾಗಿ, ಒಬ್ಬರ ಪಕ್ಕ ಒಬ್ಬರು ಹಾದುಹೋಗುವಂತೆ ಹಾಕುತ್ತಾರೆ. ಮುಖದಿಂದ ಸುಮಾರು 30–35 ಸೆಂಟಿಮೀಟರ್ ದೂರದಲ್ಲಿ ಎರಡು ಬೆರಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಒಂದು ಸೆಟ್ಟಿಗೆ ಹೆಚ್ಚುಕಡಿಮೆ 24 ಸಲ. ನಾಲ್ಕನೇ ಸೆಟ್ಟಿಗೆ ತೋಳು ನೋಯತೊಡಗುತ್ತದೆ.

ನಿಲ್ಲಿಸಿ "ಈಗೇನು ಕಾಣುತ್ತಿದೆ?" ಎಂದು ಕೇಳುತ್ತೀರಿ. "ಯಾಕೋ ಅಜ್ಜಿ ನೆನಪಾದರು" ಅನ್ನುತ್ತಾರೆ ಎದುರಿಗಿದ್ದವರು. ವರ್ಷಗಟ್ಟಲೆ ಮಾತಿನ ಥೆರಪಿ ಮಾಡಿದ ನಿಮ್ಮ ಬಾಯಿಗೆ ತಕ್ಷಣ ಬರುವುದು "ಅಜ್ಜಿ ಯಾಕೆ ಅನ್ನಿಸ್ತು?" ಅನ್ನುವ ಪ್ರಶ್ನೆ. ಪಕ್ಕದಲ್ಲಿ ಬಂದು ನಿಂತ ಮೇಲ್ವಿಚಾರಕರು ಮೆಲ್ಲಗೆ ಹೇಳುತ್ತಾರೆ: "ಕೇಳಬೇಡಿ. ಅದನ್ನೇ ಗಮನಿಸಿ ಅಂತ ಹೇಳಿ, ಮುಂದುವರಿಸಿ." ಇಎಂಡಿಆರ್‌ನಲ್ಲಿ ಅನುಭವಿ ಕೌನ್ಸೆಲರ್‌ಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ, ಸುಮ್ಮನಿರುವುದು. ಯಾರೋ ಪಕ್ಕದಲ್ಲಿ ನಿಂತು ತಡೆಯದೆ ಇದು ಬರುವುದಿಲ್ಲ. ರೆಕಾರ್ಡ್ ಮಾಡಿದ ವಿಡಿಯೋದಿಂದಂತೂ ಬರುವುದೇ ಇಲ್ಲ.

ಹಾಗಾಗಿ ಸಂಘಟಕರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಜನ ಕಲಿಯುವವರಿಗೆ ಒಬ್ಬ ಮೇಲ್ವಿಚಾರಕರು? 'ನಮ್ಮ ಬ್ಯಾಚಿನಲ್ಲಿ 60 ಜನ, ಸರ್ ಒಬ್ಬರೇ ಎಲ್ಲರನ್ನೂ ನೋಡ್ಕೋತಾರೆ' ಎಂದರೆ ಅದು ಉಪನ್ಯಾಸ, ತರಬೇತಿ ಅಲ್ಲ.

'ಟ್ರೇನ್ಡ್' ಬೇರೆ, 'ಸರ್ಟಿಫೈಡ್' ಬೇರೆ

ಇಲ್ಲಿ ತುಂಬಾ ಜನ ಎಡವುತ್ತಾರೆ. ಬೇಸಿಕ್ ಮುಗಿಸಿದವರು ಇಎಂಡಿಆರ್ ಟ್ರೇನ್ಡ್ ಅಷ್ಟೇ. ಎಂಡ್ರಿಯಾದ ಲೆಕ್ಕದಲ್ಲಿ ಸರ್ಟಿಫೈಡ್ ಆಗಬೇಕಾದರೆ ಕನಿಷ್ಠ 25 ಕ್ಲೈಂಟ್‌ಗಳೊಂದಿಗೆ 50 ಸೆಷನ್ ಮಾಡಿರಬೇಕು, ಅನುಮತಿ ಪಡೆದ ಕನ್ಸಲ್ಟೆಂಟ್ ಜೊತೆ ಇನ್ನೂ 20 ಗಂಟೆ ಕಳೆದಿರಬೇಕು, 12 ಗಂಟೆ ಮುಂದುವರಿದ ಕಲಿಕೆ ಇರಬೇಕು. ಇಎಂಡಿಆರ್ ಯುರೋಪ್‌ನಲ್ಲಿ ಇದೇ ಮಟ್ಟದವರನ್ನು ಅಕ್ರೆಡಿಟೆಡ್ ಪ್ರ್ಯಾಕ್ಟಿಷನರ್ ಅನ್ನುತ್ತಾರೆ. ಷರತ್ತುಗಳೂ ಹೆಚ್ಚುಕಡಿಮೆ ಅದೇ ಜಾಡಿನವು. ಎರಡು ದಿನದ ಕೋರ್ಸ್ ಮುಗಿಸಿ ಇನ್‌ಸ್ಟಾಗ್ರಾಂನಲ್ಲಿ 'ಸರ್ಟಿಫೈಡ್ ಇಎಂಡಿಆರ್ ಥೆರಪಿಸ್ಟ್' ಅಂತ ಹಾಕಿಕೊಂಡವರ ಬಳಿ ಇರುವುದು ಹಾಜರಾತಿಯ ಸರ್ಟಿಫಿಕೇಟ್. ಕ್ಲೈಂಟ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ನಮಗೆ ಗೊತ್ತಿರಬೇಕು.

ಇನ್ನೊಂದು ಮಾತು. ಈ ಯಾವ ಸರ್ಟಿಫಿಕೇಟೂ ನಿಮ್ಮನ್ನು ಥೆರಪಿಸ್ಟ್ ಮಾಡುವುದಿಲ್ಲ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು. ಉಳಿದ ಮನಶ್ಶಾಸ್ತ್ರಜ್ಞರನ್ನೂ ಕೌನ್ಸೆಲರ್‌ಗಳನ್ನೂ ಒಂದು ನಿಯಮದ ಕೆಳಗೆ ತರಲು 2021ರ ಅಲೈಡ್ ಆಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂದಿದೆ. ಇಎಂಡಿಆರ್ ಇರುವ ಪದವಿಯ ಮೇಲೆ ಕೂರುವ ಕೌಶಲ್ಯ. ಪದವಿಯ ಬದಲಿಗೆ ಅಲ್ಲ. 'ಯಾರು ಬೇಕಾದರೂ ಸೇರಬಹುದು, ಲೈಫ್ ಕೋಚ್‌ಗಳಿಗೂ ಸ್ವಾಗತ' ಎಂದು ಬರೆದಿರುವ ಕಡೆ ಕಾಲಿಡಬೇಡಿ. ಪ್ರವೇಶಕ್ಕೆ ಅರ್ಹತೆ ಕೇಳದವರು ಮುಗಿಸುವಾಗಲೂ ಏನೂ ಕೇಳುವುದಿಲ್ಲ.

ಭಾರತದಲ್ಲೇ ಕಲಿಯುವುದು

ಇಎಂಡಿಆರ್ ನಮ್ಮ ದೇಶಕ್ಕೆ ಬಂದ ದಾರಿ ನೋಡಿದರೆ ಸ್ವಲ್ಪ ಬೇರೆ. 1995ರ ಒಕ್ಲಹೋಮ ಬಾಂಬ್ ಸ್ಫೋಟದ ನಂತರ ಅಮೆರಿಕದ ಇಎಂಡಿಆರ್ ಥೆರಪಿಸ್ಟ್‌ಗಳು ಹ್ಯಾಪ್ ಎಂಬ ಸೇವಾ ಸಂಸ್ಥೆ ಕಟ್ಟಿಕೊಂಡರು. ಅವರ ಸ್ವಯಂಸೇವಕರು 2001ರ ಗುಜರಾತ್ ಭೂಕಂಪದ ನಂತರ ಇಲ್ಲಿಗೆ ಬಂದು ತರಬೇತಿ ಕೊಟ್ಟರು. 2004ರ ಸುನಾಮಿಯ ನಂತರವೂ ಬಂದರು. ಅಂದರೆ ಇಲ್ಲಿನ ಮೊದಮೊದಲ ಅನುಭವ ಎಸಿ ಕ್ಲಿನಿಕ್‌ಗಳಲ್ಲಿ ಆದದ್ದಲ್ಲ, ಶಿಬಿರಗಳಲ್ಲಿ, ಮನೆ ಕಳೆದುಕೊಂಡವರ ನಡುವೆ ಆದದ್ದು. ಗುಂಪಿನಲ್ಲಿ ಮಾಡುವ ವಿಧಾನಗಳ ಬಗ್ಗೆ ಇಲ್ಲಿನ ಹಿರಿಯ ತರಬೇತುದಾರರು ಸಲೀಸಾಗಿ ಮಾತಾಡುವುದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ.

ಈಗ ಇಎಂಡಿಆರ್ ಇಂಡಿಯಾ ಎಂಬ ಸಂಘ ಇದೆ, ಮೇಲೆ ಇಎಂಡಿಆರ್ ಏಷ್ಯಾ ಇದೆ. ಇಲ್ಲಿನ ಬೇಸಿಕ್ ತರಬೇತಿ ಸಾಮಾನ್ಯವಾಗಿ ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲ ಭಾಗ ಮುಗಿಸಿ, ಕ್ಲೈಂಟ್‌ಗಳೊಂದಿಗೆ ಕೆಲಸ ಮಾಡಿ, ಸೂಪರ್‌ವಿಷನ್ ತೆಗೆದುಕೊಂಡು, ಆಮೇಲೆ ಎರಡನೆಯದು. ನಡುವಿನ ಈ ಬಿಡುವು ನನ್ನ ಪ್ರಕಾರ ಈ ದಾರಿಯ ದೊಡ್ಡ ಲಾಭ. ಒಂದೇ ಉಸಿರಿನಲ್ಲಿ ಆರು ದಿನ ಮುಗಿಸಿದವರಿಗೆ ಕೇಳೋಕೆ ಪ್ರಶ್ನೆಗಳೇ ಹುಟ್ಟಿರುವುದಿಲ್ಲ. ಎರಡು ತಿಂಗಳು ಒದ್ದಾಡಿ ಬಂದವರ ಹತ್ತಿರ ಪುಟಗಟ್ಟಲೆ ಪ್ರಶ್ನೆ ಇರುತ್ತವೆ.

ಇನ್ನೊಂದು ಲಾಭ ನಮ್ಮ ಮನೆಗಳು ಹೇಗಿರುತ್ತವೆ ಅನ್ನೋದು ಅವರಿಗೆ ಗೊತ್ತಿರುವುದು. ಇಎಂಡಿಆರ್‌ನಲ್ಲಿ ಕ್ಲೈಂಟ್ ತನ್ನ ಬಗ್ಗೆ ಹಿಡಿದುಕೊಂಡಿರುವ ಕೆಟ್ಟ ನಂಬಿಕೆಯನ್ನು ಒಂದು ವಾಕ್ಯದಲ್ಲಿ ಹೇಳಿಸಬೇಕು. 'ನಾನು ಕೈಲಾಗದವಳು', 'ನನ್ನದೇ ತಪ್ಪು', ಈ ಥರ. ನಮ್ಮ ಕಡೆ ಕೇಳಿದರೆ ಬರುವ ಉತ್ತರ "ಎಲ್ಲಾ ನನ್ನ ಹಣೆಬರಹ" ಅಥವಾ "ಯಾವ ಜನ್ಮದ ಕರ್ಮವೋ" ಎಂದು. ಅಲ್ಲಿಂದ ತನ್ನ ಬಗ್ಗೆಯ ಮಾತಿಗೆ ಕರೆತರುವುದು ಹೇಗೆ ಅನ್ನುವುದನ್ನು ಇದೇ ಉತ್ತರಗಳನ್ನು ನೂರಾರು ಸಲ ಕೇಳಿದವರು ಚೆನ್ನಾಗಿ ಹೇಳಿಕೊಡುತ್ತಾರೆ. 0ಯಿಂದ 10ರವರೆಗಿನ ಸಂಕಟದ ಅಳತೆಯೂ ಹಾಗೇ. ವಯಸ್ಸಾದವರಿಗೆ 'ಹತ್ತರಲ್ಲಿ ಎಷ್ಟು' ಅನ್ನುವುದಕ್ಕಿಂತ 'ರೂಪಾಯಿಗೆ ಎಷ್ಟಾಣೆ ಕಮ್ಮಿಯಾಗಿದೆ' ಅಂದರೆ ಬೇಗ ಹೊಳೆಯುತ್ತದೆ.

ಕೊರತೆಗಳೂ ಇವೆ. ಬ್ಯಾಚ್‌ಗಳು ಬೇಕೆಂದಾಗ ಸಿಗುವುದಿಲ್ಲ, ಕಾಯಬೇಕು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಅಭ್ಯಾಸದ ಗುಂಪಿನಲ್ಲಿ ಮೂವರೂ ಕನ್ನಡದವರಿದ್ದರೆ ಕನ್ನಡದಲ್ಲೇ ಮಾಡುತ್ತೇವೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿ ಹಾವೇರಿಯಲ್ಲೋ ಹಾಸನದಲ್ಲೋ ಮೊದಲ ಕ್ಲೈಂಟ್ ಎದುರು ಕೂತಾಗ ಬಾಯಿ ಕಟ್ಟಿಹೋಗುತ್ತದೆ.

ಹೊರದೇಶದ ತರಬೇತಿ, ಆನ್‌ಲೈನ್‌ನಲ್ಲಿ

2020ರ ಕೋವಿಡ್ ಕಾಲದಲ್ಲಿ ಲೈವ್ ಆನ್‌ಲೈನ್ ತರಬೇತಿಗೆ ದಾರಿ ತೆರೆಯಿತು. ಈಗ ಮೈಸೂರಿನಲ್ಲಿ ಕೂತು ಅಮೆರಿಕದ ಬೇಸಿಕ್ ಮಾಡಬಹುದು. ಶಪೀರೊ ಅವರೇ ಶುರುಮಾಡಿದ ಇಎಂಡಿಆರ್ ಇನ್‌ಸ್ಟಿಟ್ಯೂಟ್ ತನ್ನ ಪಾಠವನ್ನು ಎರಡು ವಾರಾಂತ್ಯಗಳಲ್ಲಿ ಹಂಚಿ, ಜೊತೆಗೆ 10 ಗಂಟೆ ಕನ್ಸಲ್ಟೇಷನ್ ಕೊಡುತ್ತದೆ. ಇಂಥ ಕೋರ್ಸ್‌ಗಳಲ್ಲಿ ಶಿಸ್ತು ಚೆನ್ನಾಗಿರುತ್ತದೆ, ಕೈಪಿಡಿ ಚೆನ್ನಾಗಿರುತ್ತದೆ. ಆದರೆ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಅವರ ಬೆಳಗ್ಗೆ ಒಂಬತ್ತು ಅಂದರೆ ನಮಗೆ ಸಂಜೆಯೋ ರಾತ್ರಿಯೋ. ನಡುರಾತ್ರಿ ಎರಡಕ್ಕೆ ಕ್ಲೈಂಟ್ ಆಗಿ ಕೂತು ನಿಮ್ಮ ನೆನಪನ್ನು ಕೆದಕಿಸಿಕೊಂಡು, ಬೆಳಗ್ಗೆ ಹತ್ತಕ್ಕೆ ಒಪಿಡಿಗೆ ಹೋಗಬೇಕು. ಮೂರು ದಿನ ಹಾಗೆ. ಮಾಡಿದವರಿದ್ದಾರೆ, ಆದರೆ ರಜೆ ಹಾಕಿ ಮಾಡಿ.

ಸೇರುವ ಮೊದಲು ಎರಡು ವಿಷಯ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಒಂದು, ಭಾರತದ ನಿಮ್ಮ ಪದವಿಗೆ ಪ್ರವೇಶ ಇದೆಯಾ. ಅಲ್ಲಿನ ನಿಯಮಗಳು ಅಲ್ಲಿನ ಲೈಸೆನ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಎರಡು, ಮುಂದೆ ಇಲ್ಲಿ ಅಕ್ರೆಡಿಟೇಷನ್ ಬೇಕಾದಾಗ ಆ ತರಬೇತಿಯನ್ನು ಏಷ್ಯಾದ ಅಥವಾ ಇಂಡಿಯಾದ ಸಂಘ ಒಪ್ಪುತ್ತದಾ. ಈ ಎರಡನೆಯದನ್ನು ಕೋರ್ಸ್ ಮಾರುವವರನ್ನು ಕೇಳಬೇಡಿ, ಸಂಘವನ್ನೇ ಕೇಳಿ.

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿರುವ ಕನ್ನಡಿಗ ಥೆರಪಿಸ್ಟ್‌ಗಳಿಗೆ ಈ ತಲೆನೋವಿಲ್ಲ. ಇರುವ ದೇಶದ ಸಂಘ ಒಪ್ಪಿದ ಕೋರ್ಸನ್ನೇ ಮಾಡಿ. ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕೆಲಸದ ಜಾಹೀರಾತಿನಲ್ಲಿ ಇಎಂಡಿಆರ್ ಕೇಳಿದ್ದರೆ ಇಎಂಡಿಆರ್ ಯುರೋಪ್ ಮಾನ್ಯತೆಯ ತರಬೇತಿಯೇ ದಾರಿ. ಅಮೆರಿಕದಲ್ಲಿ ಲಾಭಕ್ಕಲ್ಲದ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಹ್ಯಾಪ್ ಥರದ ಕಡೆ ಕಡಿಮೆ ಶುಲ್ಕದ ಬ್ಯಾಚ್ ಇರುತ್ತದೆ, ಮೊದಲು ಅದನ್ನು ವಿಚಾರಿಸಿ.

ಆನ್‌ಲೈನ್‌ನಲ್ಲಿ ಕಲಿತದ್ದು ಕ್ಲೈಂಟ್ ಎದುರು ಕೂತಾಗ ಕೈಗೆ ಬರುತ್ತದಾ ಅಂತ ಕೇಳುವವರಿದ್ದಾರೆ. ಬರುತ್ತದೆ. ಪರದೆ ಮೇಲೆ ಓಡಾಡುವ ಚುಕ್ಕಿಯನ್ನು ನೋಡುವುದು, ಕೈ ಅಡ್ಡ ಮಡಚಿ ಎದೆಯ ಮೇಲೆ ಎರಡೂ ಕಡೆ ಸರದಿಯಂತೆ ತಟ್ಟಿಕೊಳ್ಳುವುದು, ಹೀಗೆ ಮಾಡಿಸುತ್ತಾರೆ. ಈ ತಟ್ಟುವ 'ಬಟರ್‌ಫ್ಲೈ ಹಗ್' ಹುಟ್ಟಿದ್ದು ಮೆಕ್ಸಿಕೊದ ಅಕಾಪುಲ್ಕೊದಲ್ಲಿ, 1997ರ ಪೌಲಿನ್ ಚಂಡಮಾರುತದ ಸಂತ್ರಸ್ತರೊಂದಿಗಿನ ಕೆಲಸದಲ್ಲಿ. ಆನ್‌ಲೈನ್‌ನಲ್ಲಿ ತಪ್ಪಿಹೋಗುವುದು ಒಂದೇ: ಕ್ಲೈಂಟಿನ ಉಸಿರು ಬದಲಾದದ್ದು, ಕಾಲ್ಬೆರಳು ಮುದುಡಿದ್ದು ಕಾಣುವುದಿಲ್ಲ. ಕೋರ್ಸ್ ಆನ್‌ಲೈನ್ ಆದರೆ ಅಭ್ಯಾಸಕ್ಕಾದರೂ ಊರಿನಲ್ಲೇ ಇನ್ನೊಬ್ಬರನ್ನು ಜೊತೆ ಮಾಡಿಕೊಳ್ಳಿ.

ಎರಡು ದಿನದ ಕೋರ್ಸ್, ರೆಕಾರ್ಡ್ ಮಾಡಿದ ಕೋರ್ಸ್

ಇದಕ್ಕೆ ಜಾಸ್ತಿ ಜಾಗ ಬೇಡ. ಇಎಂಡಿಆರ್ ಅಂದರೆ ಏನು ಅಂತ ತಿಳಿಯಲು ಸರಿ. ಕ್ಲೈಂಟ್ ಮೇಲೆ ಪ್ರಯೋಗ ಮಾಡಲು ಸಾಲದು. ಯಾವ ಸಂಘವೂ ಇದನ್ನು ಬೇಸಿಕ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಆಮೇಲೆ ಪೂರ್ತಿ ಹಣ ಕಟ್ಟಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಅಕ್ಕಪಕ್ಕದ ಪದ್ಧತಿಗಳು

ಇಎಂಡಿಆರ್ ಹುಡುಕುವವರ ಕಣ್ಣಿಗೆ ಇನ್ನೂ ಮೂರು ಹೆಸರು ಬೀಳುತ್ತವೆ. ಎಆರ್‌ಟಿಯನ್ನು (ಆಕ್ಸಿಲರೇಟೆಡ್ ರೆಸಲ್ಯೂಷನ್ ಥೆರಪಿ) ಲೇನಿ ರೋಸೆನ್‌ಸ್ವೀಗ್ 2008ರಲ್ಲಿ ರೂಪಿಸಿದರು. ಕಣ್ಣಾಡಿಸುವುದು ಇದರಲ್ಲೂ ಇದೆ, ಆದರೆ ಎಲ್ಲವೂ ಬರೆದಿಟ್ಟ ಕ್ರಮದಂತೆ, ಕೆಲವೇ ಸೆಷನ್‌ಗಳಲ್ಲಿ ಮುಗಿಸುವ ಉದ್ದೇಶ. ಬೇಸಿಕ್ ಮೂರು ದಿನ. ಬ್ರೈನ್‌ಸ್ಪಾಟಿಂಗ್ ಅನ್ನು 2003ರಲ್ಲಿ ಡೇವಿಡ್ ಗ್ರಾಂಡ್ ಇಎಂಡಿಆರ್‌ನಿಂದಲೇ ಕವಲಾಗಿ ಬೆಳೆಸಿದರು. ಇಲ್ಲಿ ಕಣ್ಣು ಓಡಾಡುವುದಿಲ್ಲ, ಸಂಕಟ ಜಾಸ್ತಿ ಅನ್ನಿಸುವ ಒಂದು ಬಿಂದುವಿನಲ್ಲಿ ನಿಲ್ಲುತ್ತದೆ. ಫಿಲಿಪ್ ಮ್ಯಾನ್‌ಫೀಲ್ಡ್ ಅವರ ಫ್ಲ್ಯಾಶ್ ಶುರುವಾದದ್ದು ಇಎಂಡಿಆರ್‌ನ ಸಿದ್ಧತೆಯ ಹಂತಕ್ಕೆ ಸಹಾಯವಾಗಿ. ನೆನಪನ್ನು ನೇರ ನೋಡಲಾರದವರಿಗೆ ಮೊದಲು ಕಾವು ಇಳಿಸಲು.

ಮೂರನ್ನೂ ಇಷ್ಟಪಟ್ಟು ಮಾಡುವ ಒಳ್ಳೆಯ ಥೆರಪಿಸ್ಟ್‌ಗಳಿದ್ದಾರೆ. ಆದರೆ ಅಧ್ಯಯನಗಳ ತೂಕದಲ್ಲಿ ಇವು ಇಎಂಡಿಆರ್‌ಗಿಂತ ಬಹಳ ಹಿಂದಿವೆ. ನನ್ನ ಸಲಹೆ, ಮೊದಲು ಇವು ಬೇಡ. ಇಎಂಡಿಆರ್ ಬೇಸಿಕ್ ಕೈಗೆ ಹತ್ತಿದ ಮೇಲೆ ಫ್ಲ್ಯಾಶ್ ಕಲಿತರೆ ಉಪಯೋಗ.

ನಿಜವಾದ ಪೈಪೋಟಿ ಇರುವುದು ಇನ್ನೊಂದು ಕಡೆ. ಎಡ್ನಾ ಫೋವಾ ಅವರ ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಪೆಟ್ರೀಷಿಯಾ ರೆಸಿಕ್ ಅವರ ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ), ಮಕ್ಕಳಿಗಾದರೆ ಟಿಎಫ್-ಸಿಬಿಟಿ (ಆಘಾತಕ್ಕೆಂದೇ ರೂಪಿಸಿದ ಸಿಬಿಟಿ). ಇವುಗಳ ಆಧಾರ ಇಎಂಡಿಆರ್‌ಗಿಂತ ಕಮ್ಮಿಯಲ್ಲ, ಮೇಲೆ ಹೇಳಿದಂತೆ ಕೆಲವರ ಲೆಕ್ಕದಲ್ಲಿ ಜಾಸ್ತಿಯೇ. ಕಲಿಯುವ ಖರ್ಚೂ ಕಡಿಮೆ ಬೀಳಬಹುದು. ಸೌತ್ ಕೆರೊಲಿನಾ ಮೆಡಿಕಲ್ ಯೂನಿವರ್ಸಿಟಿ ಇವುಗಳಿಗೆ ವೆಬ್ ಕೋರ್ಸ್‌ಗಳನ್ನು ಮಾಡಿದೆ. ಸಿಬಿಟಿ ಈಗಾಗಲೇ ಚೆನ್ನಾಗಿ ಗೊತ್ತಿರುವವರಿಗೆ ಸಿಪಿಟಿ ಬೇಗ ಒಲಿಯುತ್ತದೆ.

ಹಾಗಾದರೆ ಇಎಂಡಿಆರ್ ಯಾಕೆ? ಮನೆಗೆಲಸ. ಸಿಪಿಟಿಯಲ್ಲಿ ಕ್ಲೈಂಟ್ ವಾರವಾರ ಹಾಳೆ ತುಂಬಿಕೊಂಡು ಬರಬೇಕು. ಓದುಬರಹ ಸರಾಗವಾಗಿ ಬಾರದವರಿಗೆ ಇದು ಕಷ್ಟ. ಪ್ರೊಲಾಂಗ್ಡ್ ಎಕ್ಸ್‌ಪೋಷರ್‌ನಲ್ಲಿ, ಸೆಷನ್ನಿನಲ್ಲಿ ತಾನೇ ಹೇಳಿದ ಘಟನೆಯ ರೆಕಾರ್ಡಿಂಗನ್ನು ಮನೆಯಲ್ಲಿ ಮತ್ತೆ ಮತ್ತೆ ಕೇಳಬೇಕು. ಅತ್ತೆ, ಮಾವ, ಮೈದುನ, ಮಕ್ಕಳು ಎಲ್ಲ ಇರುವ ಎರಡು ಕೋಣೆಯ ಮನೆಯಲ್ಲಿ, ಗಂಡನಿಗೇ ಹೇಳದ ಸಂಗತಿಯ ರೆಕಾರ್ಡಿಂಗನ್ನು ಆಕೆ ಎಲ್ಲಿ ಕೂತು ಕೇಳಬೇಕು? ಫೋನು ಯಾರ ಕೈಗೆ ಸಿಗುತ್ತದೋ ಅನ್ನುವ ಭಯವೇ ಹೊಸ ಆಘಾತ. ಇಎಂಡಿಆರ್‌ನಲ್ಲಿ ಘಟನೆಯನ್ನು ಎಳೆಎಳೆಯಾಗಿ ಹೇಳಬೇಕಿಲ್ಲ, ಮನೆಗೆಲಸವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ವ್ಯತ್ಯಾಸವನ್ನು ಎತ್ತಿ ಹೇಳಿದೆ. ನಮ್ಮಂಥ ಕಡೆ ನಾನು ಇಎಂಡಿಆರ್ ಪರ ವಾಲುವುದು ಮುಖ್ಯವಾಗಿ ಇದಕ್ಕೇ.

ನಿಮಗೆ ಯಾವುದು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವವರು ಮೊದಲು ಗಡಿಯಾರ ನೋಡಿಕೊಳ್ಳಿ. ಒಂದು ಇಎಂಡಿಆರ್ ಸೆಷನ್ 60ರಿಂದ 90 ನಿಮಿಷ ಕೇಳುತ್ತದೆ. ತಾಲ್ಲೂಕು ಆಸ್ಪತ್ರೆಯ ಒಪಿಡಿ ದಿನ ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಬಾಗಿಲು ತೆಗೆದು ತೆಗೆದು ಯಾರಾದರೂ ಇಣುಕುತ್ತಾರೆ. ದೇಶಕ್ಕೆಲ್ಲ ಮಾದರಿಯಾದ ಈ ಕಾರ್ಯಕ್ರಮ ಮೊಳೆತದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಆದರೆ ಅದರ ಶಕ್ತಿ ಇರುವುದು ತುಂಬಾ ಜನರನ್ನು ಮುಟ್ಟುವುದರಲ್ಲಿ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಬಾಗಿಲು ಹಾಕಿಕೊಳ್ಳುವ ಕೋಣೆ ಸಿಗುತ್ತದೆ ಎಂದು ಮೇಲಿನವರಿಂದ ಒಪ್ಪಿಗೆ ಪಡೆದು ಆಮೇಲೆ ಹಣ ಕಟ್ಟಿ. ಇಲ್ಲದಿದ್ದರೆ ಕಲಿತದ್ದು ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ.

ವಿಪತ್ತಿನ ಕೆಲಸದಲ್ಲಿರುವ ಸಂಸ್ಥೆಗಳವರಿಗೆ ಬೇಸಿಕ್ ಜೊತೆಗೆ ಗುಂಪಿನ ಪ್ರೊಟೋಕಾಲ್ ಕಲಿಸುವ ಕಡೆ ಹೋಗುವುದು ಲಾಭ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇದ್ದಂಥ ಸ್ಥಿತಿ ಯೋಚಿಸಿ. ಒಂದೇ ಶಿಬಿರದಲ್ಲಿ ನೂರಾರು ಜನ, ಥೆರಪಿಸ್ಟ್‌ಗಳು ಬೆರಳೆಣಿಕೆ. ಮೆಕ್ಸಿಕೊದವರು ರೂಪಿಸಿದ ಐಜಿಟಿಪಿ, ಆಮೇಲೆ ಬಂದ ಜಿ-ಟೆಪ್ ಇಂಥದ್ದಕ್ಕೇ ಇರುವುದು. ಆದರೆ ಬೇಸಿಕ್ ಬಿಟ್ಟು ಬರೀ ಗುಂಪಿನದ್ದನ್ನು ಕಲಿಯಲು ಹೋಗಬೇಡಿ.

ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವುದು ಟಿಎಫ್-ಸಿಬಿಟಿ. ನೈಸ್ ಕೂಡ 7ರಿಂದ 17 ವರ್ಷದವರಿಗೆ ಇಎಂಡಿಆರ್ ಅನ್ನು ಎರಡನೆಯ ಆಯ್ಕೆಯಾಗಿ ಇಟ್ಟಿದೆ. ಇಎಂಡಿಆರ್ ಆಮೇಲೆ ಸೇರಿಸಿಕೊಳ್ಳಿ, ಮಕ್ಕಳಿಗಾಗಿಯೇ ಬೇರೆ ತರಬೇತಿ ಇದೆ.

ಎಂಎಸ್ಸಿ ಮುಗಿಸಿ ಈಗತಾನೇ ಕೆಲಸಕ್ಕೆ ಸೇರಿದವರು ಒಂದೆರಡು ವರ್ಷ ತಡೆಯಿರಿ. ಆ ದುಡ್ಡನ್ನು ಸಾಮಾನ್ಯ ಸೂಪರ್‌ವಿಷನ್‌ಗೆ ಹಾಕಿ. ಖಿನ್ನತೆ ಯಾವುದು, ಡಿಸೋಸಿಯೇಷನ್ (ತನ್ನಿಂದ, ಸುತ್ತಲಿನಿಂದ ಕಳಚಿಕೊಂಡಂತಾಗುವುದು) ಯಾವುದು, ಆತ್ಮಹತ್ಯೆಯ ಅಪಾಯ ಎಷ್ಟು ಅಂತ ಗುರುತಿಸಲು ಕೈ ಪಳಗಿರಬೇಕು. ಹಳೆಯ ನೆನಪನ್ನು ಎಬ್ಬಿಸುವುದು ಆಮೇಲಿನ ಮಾತು.

ಖಾಸಗಿ ಪ್ರಾಕ್ಟೀಸ್ ಇರುವ, ಟ್ರಾಮಾ ಕ್ಲೈಂಟ್‌ಗಳು ದಿನವೂ ಬರುವ ಥೆರಪಿಸ್ಟ್‌ಗೆ ಕಾಯುವ ಕಾರಣವೇ ಇಲ್ಲ. ಇಲ್ಲಿನ ಸಂಘದ ತರಬೇತಿಗೆ ಹೆಸರು ಕೊಡಿ.

ಹಣ ಕಟ್ಟುವ ಮೊದಲು, ಮುಗಿಸಿದ ಮೇಲೆ

ಸಂಘಟಕರಿಗೆ ಒಂದು ಇಮೇಲ್ ಹಾಕಿ. ಕನ್ಸಲ್ಟೇಷನ್ ಶುಲ್ಕದಲ್ಲೇ ಸೇರಿದೆಯಾ? ಅದನ್ನು ಕೊಡುವವರು ಯಾರು, ಅವರನ್ನು ಕನ್ಸಲ್ಟೆಂಟ್ ಎಂದು ಒಪ್ಪಿದ ಸಂಘ ಯಾವುದು? ಡಿಸೋಸಿಯೇಷನ್ ಪರೀಕ್ಷಿಸುವ ಡಿಇಎಸ್ ಥರದ ಪ್ರಶ್ನಾವಳಿಗೆ ಎಷ್ಟು ಹೊತ್ತು ಕೊಡುತ್ತೀರಿ? ಅರ್ಧಕ್ಕೇ ನಿಂತ ಸೆಷನ್ ಮುಗಿಸುವುದನ್ನು ಅಭ್ಯಾಸ ಮಾಡಿಸುತ್ತೀರಾ? ಮೂರನೆಯ, ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಕೋರ್ಸಿನ ಗುಣ ಗೊತ್ತಾಗುತ್ತದೆ. ತಡವರಿಸಿದರೆ ಬೇರೆ ಕಡೆ ನೋಡಿ. ಜೊತೆಗೆ ಅಲ್ಲೇ ಕಲಿತ ಒಬ್ಬರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಮುಗಿದ ಮೇಲೆ ಎಷ್ಟು ಕ್ಲೈಂಟ್‌ಗಳಿಗೆ ಮಾಡಿದಿರಿ? ಕಲಿತ ತುಂಬಾ ಜನ ಭಯದಿಂದ ಒಂದು ಸಲವೂ ಮಾಡದೆ ಬಿಟ್ಟಿರುತ್ತಾರೆ. ಅದು ಅವರ ತಪ್ಪಲ್ಲ, ಕನ್ಸಲ್ಟೇಷನ್ ಇಲ್ಲದ ಕೋರ್ಸಿನ ಫಲ.

ಕಣ್ಣಾಡಿಸಲು ಲೈಟ್ ಬಾರ್, ತಟ್ಟುವ ಬದಲು ಕೈಯಲ್ಲಿ ನಡುಗುವ ಗುಂಡಿಗಳು, ಆ್ಯಪ್‌ನ ಚಂದಾ, ಇವು ಮೊದಲ ವರ್ಷ ಬೇಡವೇ ಬೇಡ. ಎರಡು ಬೆರಳು ಸಾಕು. ಕಣ್ಣು ನೋವು ಅನ್ನುವವರಿಗೆ ಮಂಡಿಯ ಮೇಲೆ ತಟ್ಟಿದರಾಯಿತು.

ಮುಗಿಸಿದ ವಾರವೇ ಶುರುಮಾಡಿ. ಒಂದೇ ಘಟನೆಯ ಆಘಾತ ಇರುವವರನ್ನು ಮೊದಲು ಆರಿಸಿಕೊಳ್ಳಿ. ರಸ್ತೆ ಅಪಘಾತ, ನಾಯಿ ಕಡಿತ, ಆಪರೇಷನ್ನಿನ ಭಯ, ಇಂಥವು. ಬಾಲ್ಯದುದ್ದಕ್ಕೂ ದೌರ್ಜನ್ಯ ಅನುಭವಿಸಿದವರನ್ನು ಕನ್ಸಲ್ಟೆಂಟ್ ಜೊತೆ ಮಾತಾಡದೆ ಮುಟ್ಟಬೇಡಿ. ಸೆಷನ್ ನಡುವೆ ರಾತ್ರಿ ಹೊತ್ತು ಸಂಕಟವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕ್ಲೈಂಟ್‌ಗೆ ಮೊದಲೇ ಹೇಳಿರಿ. ನಿಮ್ಮ ನಂಬರ್ ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಪಿಟಿಎಸ್‌ಡಿ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5 ಪ್ರಶ್ನಾವಳಿ ಉಚಿತ. 20 ಪ್ರಶ್ನೆ, 80ಕ್ಕೆ ಅಂಕ. ಶುರುವಿನಲ್ಲಿ ಒಮ್ಮೆ, ಆಮೇಲೆ ಆಗಾಗ ಹಾಕಿ ನೋಡಿ. ಮತ್ತೆ ಒಂದು ನೋಟ್‌ಬುಕ್ ಇಟ್ಟು ತಾರೀಖು, ಕ್ಲೈಂಟ್ ಕೋಡ್, ಯಾವ ಹಂತದವರೆಗೆ ಬಂತು, ಸಂಕಟ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಅಂತ ಮೊದಲ ಸೆಷನ್‌ನಿಂದಲೇ ಬರೆದಿಡಿ. ಎರಡು ವರ್ಷದ ನಂತರ ಅಕ್ರೆಡಿಟೇಷನ್ ಅರ್ಜಿ ತುಂಬುವಾಗ 50 ಸೆಷನ್‌ಗಳ ಲೆಕ್ಕ ನೆನಪಿನಿಂದ ತೆಗೆಯಲು ಆಗುವುದಿಲ್ಲ.